ಹೊರನಾಡಿನ ಬಂಡವಾಳ ಮತ್ತು ನಮ್ಮ ನೆಲ

ದೊಡ್ಡಬಳ್ಳಾಪುರದ ಮಗ್ಗದಿಂದ ಇಳಿದ ಒಂದು ರೇಷ್ಮೆ ಸೀರೆಯನ್ನು ಕೈಗೆತ್ತಿಕೊಂಡು ನೋಡಿರಿ. ಕಂಡವರೆಲ್ಲ ಅದನ್ನು ದೊಡ್ಡಬಳ್ಳಾಪುರದ ಸೀರೆಯೆಂದೇ ಕರೆಯುತ್ತಾರೆ. ಹಾಗೆ ಕರೆಯುವುದು ನ್ಯಾಯವೂ ಹೌದು. ಆದರೆ ಅದರ ಹುಟ್ಟನ್ನು ಕೆದಕುತ್ತ ಹೋದರೆ ಆ ಒಂದೇ ಸೀರೆಯೊಳಗೆ ಹಲವು ನಾಡುಗಳು ಕಾಣಿಸಿಕೊಳ್ಳುತ್ತವೆ. ಹೊಕ್ಕಿನ ನೂಲು ನೆರೆಯ ಶಿಡ್ಲಘಟ್ಟದಲ್ಲಿಯೋ ವಿಜಯಪುರದಲ್ಲಿಯೋ ಬಿಚ್ಚಿದ್ದಾಗಿರಬಹುದು. ಹಾಸಿನ ನೂಲು ಹಡಗನ್ನೇರಿ ಚೀನಾದಿಂದ ಬಂದದ್ದಾಗಿರಬಹುದು. ಸೆರಗಿನ ಜರಿ ಸೂರತ್ತಿನದು. ಇವೆಲ್ಲವನ್ನೂ ಕೂಡಿಸಿ ನೇಯ್ದ ವಿದ್ಯುತ್ ಮಗ್ಗದ ಮೂಲ ಕಲ್ಪನೆ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನದು. ನೇಯ್ದ ಕೈ ಮಾತ್ರ ನಮ್ಮ ಊರಿನದು. ಆ ಕೈಗೆ ದಕ್ಕುವ ಕೂಲಿ ಎಷ್ಟು ಎಂಬುದು ಚೀನಾದ ಗೂಡಿನ ಬೆಲೆಯನ್ನೂ, ದೆಹಲಿಯಲ್ಲಿ ಗೊತ್ತುಮಾಡುವ ಸುಂಕವನ್ನೂ, ಚೆನ್ನೈ ಬಂದರಿಗೆ ಹಡಗು ಬಂದು ಸೇರುವ ದಿನವನ್ನೂ ಅವಲಂಬಿಸಿದೆ.

ವ್ಯಾಪಾರದ ಈ ಹಾಸುಹೊಕ್ಕು ಇಂದು ನಿನ್ನೆಯದಲ್ಲ. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನು ಬಂಗಾಳದಿಂದ ರೇಷ್ಮೆಹುಳುವನ್ನು ತರಿಸಿ ಮೈಸೂರು ಸೀಮೆಯಲ್ಲಿ ರೇಷ್ಮೆಯ ಬೇಸಾಯಕ್ಕೆ ತಳಹದಿ ಹಾಕಿದನು. ಅರಬ್ಬೀ ಕರಾವಳಿಯ ಮಸ್ಕತ್ತಿನಲ್ಲಿ ತನ್ನದೇ ವ್ಯಾಪಾರದ ಕೋಠಿಯೊಂದನ್ನು ಇರಿಸಿದ್ದನು. ಅದೇ ದೇವನಹಳ್ಳಿಯ ಕೋಟೆಯನ್ನು 1791ರಲ್ಲಿ ವಶಪಡಿಸಿಕೊಂಡದ್ದು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ. ವ್ಯಾಪಾರಕ್ಕೆಂದು ಬಂದ ಕಂಪನಿ ಕಡೆಗೆ ರಾಜ್ಯವನ್ನೇ ಕಟ್ಟಿಕೊಂಡಿತು. ಹೊರಗಿನ ಹಣವೆಂದರೆ ನಮ್ಮ ಹಿರಿಯರು ಹುಬ್ಬು ಗಂಟಿಕ್ಕುತ್ತಿದ್ದುದಕ್ಕೆ ಈ ನೆನಪೇ ಕಾರಣ. ಅದನ್ನು ಬರಿಯ ಕುರುಡು ಭಯವೆಂದು ತಳ್ಳಿಹಾಕುವಂತಿಲ್ಲ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳು 1986ರಲ್ಲಿ ಬೆಂಗಳೂರು ಗ್ರಾಮಾಂತರವೆಂಬ ಹೆಸರಿನ ಹೊಸ ಜಿಲ್ಲೆಗೆ ಸೇರಿದುವು. ಆಗ ಇಲ್ಲಿ ರಾಗಿ, ದ್ರಾಕ್ಷಿ, ಹಿಪ್ಪುನೇರಳೆ ಹಾಗೂ ಮಗ್ಗಗಳೇ ಮುಖ್ಯವಾಗಿದ್ದುವು. ಇಂದು ಇದೇ ಸೀಮೆಯಲ್ಲಿ ಸ್ವೀಡನ್, ಕೆನಡಾ, ತೈವಾನ್ ಮೊದಲಾದ ದೇಶಗಳ ಬಂಡವಾಳ ನೆಲೆಯೂರಿದೆ. ಇದನ್ನು ಕುರಿತು ನಮ್ಮಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಕಾರ್ಖಾನೆ ಬಂದರೆ ಸಾಕು, ಬಡತನ ತಾನಾಗಿ ತೊಲಗುತ್ತದೆಂಬುದು ಒಂದು. ಹೊರಗಿನವರು ಬಂದರೆಂದರೆ ನೆಲವೂ ಹೋಯಿತು, ನೀರೂ ಹೋಯಿತು ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯದ ಅಂಶವುಂಟು. ಎರಡೂ ಅರ್ಧಕ್ಕೇ ನಿಲ್ಲುತ್ತವೆ. ಪರದೇಶದ ವ್ಯಾಪಾರವೂ ಬಂಡವಾಳವೂ ಹಿಂದುಳಿದ ನಾಡನ್ನು ಮೇಲೆತ್ತಬಲ್ಲವು ಎಂದೇ ನಾನು ನಂಬಿದ್ದೇನೆ. ಆದರೆ ಎಷ್ಟು ಹಣ ಬಂದಿತು ಎಂಬುದರಿಂದ ಆ ಏಳಿಗೆಯನ್ನು ಅಳೆಯಲಾಗದು. ಅದು ಬಂದ ಮೇಲೆ ಇಲ್ಲಿಯ ಜನ ಹೊಸದಾಗಿ ಏನನ್ನು ಮಾಡಲು ಕಲಿತರು, ಯಾವ ಕರಾರಿನ ಮೇಲೆ ಕಲಿತರು ಎಂಬುದನ್ನು ನೋಡಬೇಕಾಗುತ್ತದೆ.

ಇದಕ್ಕೆ ಒಂದು ಹಳೆಯ ನಿದರ್ಶನವಿದೆ. ಅದೂ ರೇಷ್ಮೆಯದೇ ಕಥೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜಪಾನ್ ಬಡ ದೇಶವಾಗಿತ್ತು. ಅದು ಹೊರಗೆ ಮಾರಬಹುದಾಗಿದ್ದ ಸರಕುಗಳಲ್ಲಿ ಮುಖ್ಯವಾದದ್ದು ರೇಷ್ಮೆ. ಅದೂ ಒಂದೇ ಸಮನಾಗಿರದ, ಯೂರೋಪಿನ ಯಂತ್ರಮಗ್ಗಗಳಿಗೆ ಒಗ್ಗದ ನೂಲು. ಜಪಾನ್ ಸರ್ಕಾರವು ಪಾಲ್ ಬ್ರೂನಾ ಎಂಬ ಫ್ರೆಂಚ್ ತಜ್ಞನನ್ನು ದೊಡ್ಡ ಸಂಬಳಕ್ಕೆ ಗೊತ್ತುಮಾಡಿಕೊಂಡಿತು. ಫ್ರಾನ್ಸಿನಿಂದ ಯಂತ್ರಗಳನ್ನು ತರಿಸಿತು. 1872ರಲ್ಲಿ ತೊಮಿಯೋಕಾ ಎಂಬ ಊರಿನಲ್ಲಿ ನೂಲು ಬಿಚ್ಚುವ ಕಾರ್ಖಾನೆಯನ್ನು ತೆರೆಯಿತು. ಕೆಲಸ ಕಲಿಯಲು ಹುಡುಗಿಯರು ಬರಬೇಕೆಂದು ಊರೂರಿಗೆ ಕರೆ ಹೋಯಿತು. ಯಾರೂ ಬರಲಿಲ್ಲ. ಫ್ರೆಂಚರು ಕುಡಿಯುತ್ತಿದ್ದ ಕೆಂಪು ದ್ರಾಕ್ಷಾರಸವನ್ನು ಕಂಡವರು, ಈ ಪರದೇಶಿಗಳು ಹೆಣ್ಣುಮಕ್ಕಳ ರಕ್ತ ಕುಡಿಯುತ್ತಾರೆಂದು ಸುದ್ದಿ ಹಬ್ಬಿಸಿದ್ದರು! ಕಡೆಗೆ ಕಾರ್ಖಾನೆಯ ಮುಖ್ಯಸ್ಥನಾಗಿದ್ದ ಒದಾಕಾ ಅತ್ಸುತಾದಾ ತನ್ನ ಮಗಳನ್ನೇ ಮೊದಲ ಕೆಲಸಗಾರ್ತಿಯಾಗಿ ಸೇರಿಸಬೇಕಾಯಿತು. ಆಕೆಗೆ ಆಗ ಹದಿನಾಲ್ಕು ವರ್ಷ. ಈ ಪಾಠವನ್ನು ಓದುತ್ತಿರುವ ನಿಮ್ಮದೇ ವಯಸ್ಸು.

ಮುಂದೆ ನಡೆದುದು ಗಮನಿಸತಕ್ಕದ್ದು. ಕೆಲಸ ಕಲಿತ ಹುಡುಗಿಯರು ತಮ್ಮ ತಮ್ಮ ಪ್ರಾಂತಗಳಿಗೆ ಹಿಂದಿರುಗಿ ಅಲ್ಲಿ ತೆರೆದ ಹೊಸ ಕಾರ್ಖಾನೆಗಳಲ್ಲಿ ಇತರರಿಗೆ ಕಲಿಸಿದರು. ಬ್ರೂನಾ ಕೆಲವೇ ವರ್ಷಗಳಲ್ಲಿ ತನ್ನ ಕರಾರು ಮುಗಿಸಿಕೊಂಡು ಹೊರಟುಹೋದನು. ಕಲಿತ ಕೆಲಸ ಜಪಾನಿನಲ್ಲಿಯೇ ಉಳಿಯಿತು. ಲೆಕ್ಕದ ಪುಸ್ತಕವನ್ನಷ್ಟೇ ನೋಡುವವನಿಗೆ ತೊಮಿಯೋಕಾ ಹೇಳಿಕೊಳ್ಳುವಂಥ ಲಾಭದ ಕಾರ್ಖಾನೆಯಲ್ಲ. ಸರ್ಕಾರ ಅದನ್ನು 1893ರಲ್ಲಿ ಖಾಸಗಿಯವರಿಗೆ ಮಾರಿಬಿಟ್ಟಿತು. ಆದರೆ ಇಪ್ಪತ್ತನೆಯ ಶತಮಾನದ ಮೊದಲ ದಶಕ ಮುಗಿಯುವುದರೊಳಗೆ ಜಪಾನ್ ರೇಷ್ಮೆಯ ರಫ್ತಿನಲ್ಲಿ ಚೀನಾವನ್ನು ಹಿಂದೆ ಹಾಕಿತ್ತು. ಆ ರೇಷ್ಮೆಯ ಹಣದಿಂದಲೇ ಅದು ಯಂತ್ರಗಳನ್ನೂ ಹಡಗುಗಳನ್ನೂ ಕೊಂಡಿತು. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಮುಂದೆ ಎದ್ದ ಖಾಸಗಿ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳು ಉಸಿರುಕಟ್ಟುವ ಕೋಣೆಗಳಲ್ಲಿ ದೀರ್ಘಕಾಲ ದುಡಿದು ರೋಗಕ್ಕೆ ತುತ್ತಾದರು. ನಾಡಿನ ಏಳಿಗೆಯ ಬೆಲೆಯನ್ನು ಅವರ ಎಳೆಯ ದೇಹಗಳು ತೆತ್ತುವು.

ಜಪಾನಿಗೆ ದಕ್ಕಿದ ಈ ವಿದ್ಯೆ ಸುತ್ತಿ ಬಳಸಿ ನಮ್ಮಲ್ಲಿಗೂ ಬಂದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜಮಷೆಟ್‌ಜಿ ಟಾಟಾ ಅವರು ಜಪಾನೀ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆಯ ತೋಟವೊಂದನ್ನು ಮಾಡಿಸಿದರು. ಬಸವನಗುಡಿಯ ಕಡೆ ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಹೆಸರು ಇನ್ನೂ ಜನರ ಬಾಯಲ್ಲಿದೆ. ಹಿಪ್ಪುನೇರಳೆಯ ಒಂದು ಗಿಡವೂ ಅಲ್ಲಿಲ್ಲದಿದ್ದರೇನಂತೆ! ನೂರು ವರ್ಷಗಳ ತರುವಾಯ, 1991ರಿಂದ 2007ರವರೆಗೆ, ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆಯ ತಜ್ಞರು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನ ಸಂಸ್ಥೆಯ ವಿಜ್ಞಾನಿಗಳೊಡನೆ ಕೂಡಿ ದುಡಿದರು. ನಮ್ಮ ಹವೆಗೆ ಒಗ್ಗುವ ದ್ವಿತಳಿ ರೇಷ್ಮೆಹುಳುಗಳು ರೈತರ ಕೈ ಸೇರಿದುದು ಈ ಕೂಡುಕೆಲಸದಿಂದ.

ಹೊರಗಿನವರೊಡನೆ ವ್ಯಾಪಾರ ತೆರೆದಾಗ ಎಲ್ಲರಿಗೂ ಒಂದೇ ಬಗೆಯ ಫಲ ದೊರೆಯುವುದಿಲ್ಲವೆಂಬುದನ್ನು ಕಲಿಸುವುದೂ ಈ ರೇಷ್ಮೆಯೇ. ಚೀನಾದ ಕಚ್ಚಾ ರೇಷ್ಮೆ ಒಂದೇ ಸಮನಾದದ್ದು, ಮಗ್ಗದ ಮೇಲೆ ಸುಲಭವಾಗಿ ತುಂಡಾಗದು. ಆದುದರಿಂದ ಹಾಸಿಗೆ ಅದು ಬೇಕೆಂದು ನೇಕಾರರು ಕೇಳುತ್ತಾರೆ. ಅದು ಅಗ್ಗವಾಗಿ ಬಂದರೆ ದೊಡ್ಡಬಳ್ಳಾಪುರದ ಮಗ್ಗಕ್ಕೆ ಅನುಕೂಲ. ವಿಜಯಪುರದ ಮಾರುಕಟ್ಟೆಗೆ ಗೂಡು ಹೊತ್ತು ತರುವ ರೈತನಿಗೂ, ನೂಲು ಬಿಚ್ಚುವವನಿಗೂ ನಷ್ಟ. 2003ರಲ್ಲಿ ಸರ್ಕಾರವು ಚೀನಾದ ರೇಷ್ಮೆಯ ಸುರಿವಿಕೆಯನ್ನು ತಡೆಯಲು ವಿಶೇಷ ಸುಂಕವನ್ನು ವಿಧಿಸಿತು. 2011ರ ಕೇಂದ್ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಲಾಯಿತು. ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಅದೇ ಸುಂಕವನ್ನು ನೂರಕ್ಕೆ 15ಕ್ಕೆ ಏರಿಸಬೇಕಾಯಿತು. ರೈತನೂ ನೇಕಾರನೂ ಇರುವುದು ಒಂದೇ ಸೀಮೆಯಲ್ಲಿ. ಅನೇಕ ವೇಳೆ ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತು ಬರುತ್ತಾರೆ. ಒಬ್ಬನ ಲಾಭ ಇನ್ನೊಬ್ಬನ ನಷ್ಟವಾಗದಂತೆ ಮಾಡಲು ಸುಂಕವೊಂದರಿಂದಲೇ ಆಗದು. ಬದಲಾವಣೆಗೆ ಮುನ್ನ ರೈತನಿಗೆ ಒಳ್ಳೆಯ ತಳಿಯೂ, ನೂಲು ಬಿಚ್ಚುವವನಿಗೆ ಹೊಸ ಯಂತ್ರವೂ, ಎಲ್ಲಕ್ಕಿಂತ ಮಿಗಿಲಾಗಿ ಸ್ವಲ್ಪ ಕಾಲಾವಕಾಶವೂ ದೊರೆಯಬೇಕು. ಒಂದು ಮುಂಗಡಪತ್ರದಲ್ಲಿ ಇಳಿಸಿ ಮತ್ತೊಂದರಲ್ಲಿ ಏರಿಸುವ ಸುಂಕವನ್ನು ನಂಬಿ ಯಾವ ರೈತ ಹಿಪ್ಪುನೇರಳೆ ನೆಟ್ಟಾನು?

ಈ ಸೀಮೆಯ ಗುಲಾಬಿ ಈರುಳ್ಳಿಯ ಕಥೆಯೂ ಹೀಗೆಯೇ. ಚಿಕ್ಕದಾದ, ಕೆಂಬಣ್ಣದ, ಬಹಳ ಘಾಟಿನ ಈ ಈರುಳ್ಳಿಯನ್ನು ಬೆಳೆಯುವವರೇ ತಮ್ಮ ಅಡುಗೆಗೆ ಹೆಚ್ಚಾಗಿ ಬಳಸುವುದಿಲ್ಲ. ಅದು ಬೆಳೆಯುವುದೇ ಮಲೇಷಿಯಾ, ಸಿಂಗಪುರಗಳ ಊಟಕ್ಕಾಗಿ. 2015ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. 2019ರ ಸೆಪ್ಟೆಂಬರಿನಲ್ಲಿ ಉತ್ತರ ಭಾರತದ ನಗರಗಳಲ್ಲಿ ಈರುಳ್ಳಿಯ ಬೆಲೆ ಏರಿತೆಂದು ಎಲ್ಲ ಬಗೆಯ ಈರುಳ್ಳಿಯ ರಫ್ತನ್ನೂ ನಿಷೇಧಿಸಲಾಯಿತು. ಅಲ್ಲಿ ಯಾರೂ ಕೊಳ್ಳದ ನಮ್ಮ ಈರುಳ್ಳಿ ಇಲ್ಲಿ ರಾಶಿಬಿದ್ದಿತು. ರೈತರು ಕೂಗಿಕೊಂಡ ಮೇಲೆ, ಒಂದು ತಿಂಗಳ ಅನಂತರ, 9,000 ಟನ್ನಿನ ರಫ್ತಿಗೆ ಅಪ್ಪಣೆಯಾಯಿತು. ಹೊರಗಿನ ಪೇಟೆಯನ್ನು ನಂಬಿ ಬದುಕು ಕಟ್ಟಿಕೊಂಡವನಿಗೆ ನೀತಿಯ ಸ್ಥಿರತೆಯೆಂಬುದು ಮಳೆಯಷ್ಟೇ ಮುಖ್ಯ.

ಹೊರಗೆ ಮಾರಲೇಬೇಕೆ, ನಮ್ಮದನ್ನು ನಾವೇ ಉಂಡುಟ್ಟು ಇರಬಾರದೆ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ನಮಗೆ ಬೇಕಾದ ಎಣ್ಣೆ, ಯಂತ್ರ, ಔಷಧದ ಮೂಲವಸ್ತುಗಳನ್ನು ಹೊರಗಿನಿಂದ ತರಿಸಲು ಹೊರಗಿನ ಹಣವೇ ಬೇಕು. ಆ ಹಣ ದೊರೆಯುವುದು ನಾವೂ ಏನನ್ನಾದರೂ ಮಾರಿದಾಗ. 1991ರಲ್ಲಿ ಭಾರತದ ಬೊಕ್ಕಸದಲ್ಲಿದ್ದ ವಿದೇಶಿ ವಿನಿಮಯವು ಎರಡು ಮೂರು ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿದಿತ್ತು. ಆಗ ಸುಮಾರು 47 ಟನ್ ಚಿನ್ನವನ್ನು ಹೊರದೇಶದ ಬ್ಯಾಂಕುಗಳಲ್ಲಿ ಒತ್ತೆಯಿಟ್ಟು ಸಾಲ ತರಬೇಕಾಯಿತು. ಮನೆಯ ಒಡವೆಯನ್ನು ಗಿರವಿಯಂಗಡಿಗೆ ಒಯ್ದವರಿಗೆ ಆ ಸಂಕಟದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅದೇ ವರ್ಷದ ಜುಲೈ ತಿಂಗಳಿನಲ್ಲಿ ಸರ್ಕಾರವು ಕೈಗಾರಿಕೆಯ ನೀತಿಯನ್ನು ಬದಲಿಸಿ ಪರದೇಶದ ಬಂಡವಾಳಕ್ಕೆ ಬಾಗಿಲನ್ನು ಅಗಲವಾಗಿ ತೆರೆಯಿತು.

ಬಂಡವಾಳದಲ್ಲಿಯೂ ಬಗೆಗಳುಂಟು. ಸಾಲವಾಗಿ ಬಂದ ಹಣವನ್ನು ನಮಗೆ ಲಾಭವಾಗಲಿ ಬಿಡಲಿ ಬಡ್ಡಿಯೊಡನೆ ಹಿಂದಿರುಗಿಸಬೇಕು. ಷೇರುಪೇಟೆಗೆ ಬಂದ ಹಣ ಸಂಜೆಗೆ ಬೆದರಿ ಹೊರಟುಹೋಗಬಹುದು. 1997ರಲ್ಲಿ ಥಾಯ್ಲೆಂಡ್ ಮೊದಲಾದ ದೇಶಗಳಿಂದ ಇಂಥ ಹಣವೂ ಅಲ್ಪಾವಧಿಯ ಸಾಲಗಳೂ ಒಮ್ಮೆಲೇ ಹಿಂದೆ ಸರಿದಾಗ ಅಲ್ಲಿಯ ಕೋಟ್ಯಂತರ ಜನ ಬಡತನಕ್ಕೆ ಜಾರಿದರು. ಕಾರ್ಖಾನೆಯಾಗಿ ನಿಂತ ಬಂಡವಾಳ ಹಾಗೆ ಓಡಲಾರದು. ಅದರ ಗೋಡೆ ಇಲ್ಲಿದೆ, ಯಂತ್ರ ಇಲ್ಲಿದೆ. ಲಾಭವಾದರೆ ಅದರ ಒಂದು ಭಾಗ ಹೊರಗೆ ಹೋಗುವುದು ನಿಜ, ಆದರೆ ನಷ್ಟವಾದಾಗ ಅದರ ಭಾರವೂ ಒಡೆಯನದೇ.

ಸ್ವೀಡನ್ನಿನ ವೋಲ್ವೋ ಕಂಪನಿ 1998ರಲ್ಲಿ ಹೊಸಕೋಟೆಯ ಬಳಿ ಲಾರಿಗಳ ಕಾರ್ಖಾನೆಯನ್ನು ತೆರೆಯಿತು. 2001ರ ಸುಮಾರಿಗೆ ಬಸ್ಸುಗಳೂ ತಯಾರಾಗತೊಡಗಿದುವು. ಇಂದು ಹಳ್ಳಿಯ ಅಜ್ಜಿಯೂ ಒಳ್ಳೆಯ ಬಸ್ಸನ್ನು, ಅದು ಯಾವ ಕಂಪನಿಯದೇ ಇರಲಿ, ‘ವೋಲ್ವೋ’ ಎಂದೇ ಕರೆಯುವಷ್ಟು ಆ ಹೆಸರು ಕನ್ನಡಕ್ಕೆ ಇಳಿದಿದೆ. ಅಷ್ಟು ದೂರದ ಕಂಪನಿ ಹೊಸಕೋಟೆಯನ್ನೇ ಏಕೆ ಹುಡುಕಿಕೊಂಡು ಬಂದಿತು? ಅಗ್ಗದ ನೆಲವೂ ಅಗ್ಗದ ಕೂಲಿಯೂ ಕಾರಣವೆಂದರೆ ಅವು ಇನ್ನೂ ಅಗ್ಗವಾಗಿರುವ ಊರುಗಳು ಭಾರತದಲ್ಲಿ ಸಾವಿರವಿದ್ದುವು. ಬೆಂಗಳೂರಿನ ಸುತ್ತಮುತ್ತ ಲೋಹದ ಕೆಲಸ ಬಲ್ಲ ಕೈಗಳು ಆ ವೇಳೆಗಾಗಲೇ ಸಿದ್ಧವಾಗಿದ್ದುವೆಂಬುದನ್ನು ಮರೆಯುವಂತಿಲ್ಲ. 1909ರಲ್ಲಿ ಬಂದ ವಿಜ್ಞಾನ ಮಂದಿರ, 1940ರ ವಿಮಾನ ಕಾರ್ಖಾನೆ, ಅನಂತರದ ಸಾರ್ವಜನಿಕ ಉದ್ದಿಮೆಗಳು ಎರಡು ಮೂರು ತಲೆಮಾರು ಜನರನ್ನು ತರಬೇತುಗೊಳಿಸಿದ್ದುವು. ಹಿಂದೂಸ್ಥಾನ್ ಮೆಷಿನ್ ಟೂಲ್ಸ್, ಅಂದರೆ ಎಚ್.ಎಂ.ಟಿ., 1953ರಲ್ಲಿ ಆರಂಭವಾದುದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಿಂದ. 1961ರಲ್ಲಿ ಅದು ಕೈಗಡಿಯಾರ ಮಾಡಲು ಕಲಿತುದು ಜಪಾನಿನ ಸಿಟಿಜನ್ ಕಂಪನಿಯಿಂದ. ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ಇಂದು ಮುಚ್ಚಿದೆ. ಆದರೆ ಇಂಥ ಕಾರ್ಖಾನೆಗಳಲ್ಲಿ ಪಳಗಿದವರು ನೆಲಮಂಗಲದ ದಾರಿಯ ಪೀಣ್ಯದಲ್ಲಿ 1970ರ ದಶಕದಿಂದ ಸಣ್ಣ ಸಣ್ಣ ಲೇತುಗಳನ್ನಿಟ್ಟು ಕಾರ್ಯಾಗಾರಗಳನ್ನು ನಡೆಸಿದರು. ಹೊರಗಿನ ಬಂಡವಾಳವು ಬರಡು ನೆಲದಲ್ಲಿ ಬೇರು ಬಿಡುವುದು ಅಪರೂಪ. ಮೊದಲು ನಾವು ಕಷ್ಟಪಟ್ಟು ನಡೆಸಿದ ಶಾಲೆ, ಕಾರ್ಖಾನೆಗಳ ಮೇಲೆಯೇ ಅದು ನಿಲ್ಲುತ್ತದೆ.

ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ 24ರಂದು ಕೆಲಸಕ್ಕೆ ತೆರೆಯಿತು. ಆಗ ಅದರ ಬಂಡವಾಳದಲ್ಲಿ ನೂರಕ್ಕೆ 40 ಪಾಲು ಜರ್ಮನಿಯ ಸೀಮೆನ್ಸಿನದು, 17 ಪಾಲು ಜ್ಯೂರಿಕ್ ವಿಮಾನ ನಿಲ್ದಾಣದ್ದು, 17 ಪಾಲು ಭಾರತದ ಲಾರ್ಸೆನ್ ಅಂಡ್ ಟೂಬ್ರೋ ಕಂಪನಿಯದು. ರಾಜ್ಯ ಮತ್ತು ಕೇಂದ್ರದ ಸಂಸ್ಥೆಗಳಿಗೆ ತಲಾ 13. ಮುಂದೆ ಜರ್ಮನರೂ ಸ್ವಿಸ್ಸರೂ ತಮ್ಮ ಪಾಲನ್ನು ಮಾರಿ ಹೋದರು. ಇಂದು ದೊಡ್ಡ ಪಾಲು ಕೆನಡಾದ ಫೇರ್‌ಫ್ಯಾಕ್ಸ್ ಸಂಸ್ಥೆಯ ಕೈಯಲ್ಲಿದೆ. ಒಡೆಯರು ಬದಲಾದರು, ರನ್‌ವೇ ಇದ್ದಲ್ಲಿಯೇ ಇದೆ. ಈ ನಿಲ್ದಾಣಕ್ಕೆ ಸುಮಾರು 4,000 ಎಕರೆ ನೆಲ ಬೇಕಾಯಿತು. ಸುತ್ತಲಿನ ಜಮೀನಿಗೆ ಕನಸಿನಲ್ಲಿಯೂ ಎಣಿಸದ ಬೆಲೆ ಬಂದಿತು. ದ್ರಾಕ್ಷಿಯ ಚಪ್ಪರಗಳೂ ಚಕ್ಕೋತದ ತೋಟಗಳೂ ವಿರಳವಾದುವು. ದೇವನಹಳ್ಳಿಯ ಹೆಮ್ಮೆಯ ಆ ಚಕ್ಕೋತವೂ ಹಿಂದೊಮ್ಮೆ ಆಗ್ನೇಯ ಏಷ್ಯಾದಿಂದ ಬಂದ ಅತಿಥಿಯೇ ಎಂಬುದನ್ನು ಇಲ್ಲಿ ನೆನೆಯಬಹುದು.

ಮೂವತ್ತಕ್ಕೂ ಹೆಚ್ಚು ವರ್ಷ ಈ ಸೀಮೆಯ ಶಾಲೆಗಳಲ್ಲಿ ಪಾಠ ಹೇಳಿದವನು ನಾನು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರನ್ನು ಇಂದೂ ಆಗಾಗ ಕಾಣುತ್ತೇನೆ. ಇಬ್ಬರ ಮನೆಯವರೂ ಜಮೀನು ಮಾರಿದವರು. ಒಬ್ಬನ ತಂದೆ ಬಂದ ಹಣದಲ್ಲಿ ಮಗನನ್ನು ಪಾಲಿಟೆಕ್ನಿಕ್ಕಿಗೆ ಸೇರಿಸಿದರು. ಅವನು ಈಗ ವಿಮಾನಗಳ ದುರಸ್ತಿಯ ವಿಭಾಗದಲ್ಲಿದ್ದಾನೆ. ಇನ್ನೊಬ್ಬರ ಮನೆಯಲ್ಲಿ ಹಣ ಕಾರಾಯಿತು, ಮದುವೆಯಾಯಿತು, ಮೂರು ವರ್ಷಗಳಲ್ಲಿ ಕರಗಿತು. ಆ ಹುಡುಗ ತಮ್ಮ ಹೊಲವಿದ್ದ ಜಾಗದ ಗೇಟಿನಲ್ಲಿಯೇ ಕಾವಲುಗಾರನಾಗಿದ್ದಾನೆ. ಕಾವಲಿನ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಅವನಿಗೆ ಬೇರೆ ದಾರಿಯೇ ಉಳಿದಿರಲಿಲ್ಲವೆಂಬುದು ನನ್ನ ವ್ಯಥೆ. ತಪ್ಪನ್ನು ಆ ತಂದೆಯ ಮೇಲೆ ಹೊರಿಸುವುದು ಸುಲಭ. ತಲತಲಾಂತರದಿಂದ ನೆಲವನ್ನು ಬಿಟ್ಟು ಬೇರೆ ಆಸ್ತಿಯನ್ನು ಕಾಣದವನ ಕೈಯಲ್ಲಿ ಒಂದು ಬೆಳಗ್ಗೆ ಚೆಕ್ಕನ್ನಿಟ್ಟು, ಇನ್ನು ನಿನ್ನ ದಾರಿ ನಿನಗೆ ಎಂದ ವ್ಯವಸ್ಥೆಗೂ ಅದರಲ್ಲಿ ಪಾಲಿದೆ.

ಈಗ ದೇವನಹಳ್ಳಿ ತಾಲ್ಲೂಕಿನಲ್ಲಿಯೇ ತೈವಾನಿನ ಫಾಕ್ಸ್‌ಕಾನ್ ಕಂಪನಿ ಸುಮಾರು 300 ಎಕರೆಯಲ್ಲಿ ಕಾರ್ಖಾನೆಯನ್ನು ಕಟ್ಟಿದೆ. 2025ರಲ್ಲಿ ಅಲ್ಲಿ ಐಫೋನುಗಳ ತಯಾರಿಕೆ ಆರಂಭವಾಯಿತು. ಕೆಲಸಕ್ಕೆ ಸೇರಿದವರಲ್ಲಿ ಬಹುಪಾಲು ಎಳೆಯ ವಯಸ್ಸಿನ ಯುವತಿಯರು. ಮೊದಲ ಸಂಬಳವನ್ನು ತಾಯಿಯ ಕೈಯಲ್ಲಿಟ್ಟ ಹುಡುಗಿಯ ಮಾತಿಗೆ ಮನೆಯಲ್ಲಿ ಬರುವ ತೂಕವನ್ನು ಯಾವ ಅಂಕಿಯೂ ಅಳೆಯದು. ನಾನು ಈ ಬಂಡವಾಳವನ್ನು ಸ್ವಾಗತಿಸುವುದಕ್ಕೆ ಅದೇ ಮೊದಲ ಕಾರಣ. ಆದರೆ ತೊಮಿಯೋಕಾದ ಪ್ರಶ್ನೆಯನ್ನು ಇಲ್ಲಿಯೂ ಕೇಳಲೇಬೇಕು. ಬಿಡಿಭಾಗಗಳನ್ನು ಕೂಡಿಸುವ ಕೆಲಸಕ್ಕೆ ಫೋನಿನ ಬೆಲೆಯಲ್ಲಿ ದಕ್ಕುವ ಪಾಲು ತೀರ ಸಣ್ಣದು. ಹೆಚ್ಚಿನ ಪಾಲು ಅದನ್ನು ರೂಪಿಸಿದವರಿಗೆ, ಅದರ ಚಿಪ್ಪು, ಪರದೆ, ಕ್ಯಾಮೆರಾಗಳನ್ನು ಮಾಡಿದವರಿಗೆ ಸಲ್ಲುತ್ತದೆ. ಇದೇ ಫಾಕ್ಸ್‌ಕಾನ್ 1988ರಲ್ಲಿ ಚೀನಾದ ಷೆನ್‌ಜೆನ್ನಿಗೆ ಹೋದಾಗ ಅಲ್ಲಿಯೂ ಕೂಡಿಸುವ ಕೆಲಸದಿಂದಲೇ ಆರಂಭವಾಯಿತು. ಚೀನೀಯರು ಅಲ್ಲಿಗೇ ನಿಲ್ಲಲಿಲ್ಲ. ಬಿಡಿಭಾಗಗಳನ್ನೂ, ಅವುಗಳ ಅಚ್ಚುಗಳನ್ನೂ, ಕಡೆಗೆ ತಮ್ಮದೇ ಫೋನುಗಳನ್ನೂ ಮಾಡಲು ಕಲಿತರು.

ಕರಾರು ಸರಿಯಿಲ್ಲದಿದ್ದರೆ ಏನಾಗುತ್ತದೆಂಬುದನ್ನು ನಾವು ದೂರ ಹೋಗಿ ನೋಡಬೇಕಾಗಿಲ್ಲ. ಹೊಸಕೋಟೆಯಿಂದ ಕೋಲಾರಕ್ಕೆ ಹೋಗುವ ಹೆದ್ದಾರಿಯಲ್ಲಿ ನರಸಾಪುರವಿದೆ. 2020ರ ಡಿಸೆಂಬರ್ 12ರಂದು ಅಲ್ಲಿಯ ವಿಸ್ಟ್ರಾನ್ ಕಾರ್ಖಾನೆಯ ಗುತ್ತಿಗೆ ಕೆಲಸಗಾರರು ಸಂಬಳದ ವಿಷಯದಲ್ಲಿ ರೊಚ್ಚಿಗೆದ್ದು ಯಂತ್ರ, ಗಾಜು, ಪೀಠೋಪಕರಣಗಳನ್ನು ಪುಡಿಗೈದರು. ಮಾಡಿದುದು ತಪ್ಪು, ಸಂದೇಹವಿಲ್ಲ. ಆದರೆ ಕೆಲವರಿಗೆ ಸರಿಯಾಗಿ, ಸಕಾಲದಲ್ಲಿ ಸಂಬಳ ಸಂದಿರಲಿಲ್ಲವೆಂದು ಕಂಪನಿಯೇ ಆಮೇಲೆ ಒಪ್ಪಿಕೊಂಡು ಕ್ಷಮೆ ಕೇಳಿತು. ಕಂಪನಿ, ಗುತ್ತಿಗೆದಾರ, ಕೆಲಸಗಾರ ಎಂಬ ಸರಪಳಿಯಲ್ಲಿ ಹೊಣೆ ಎಲ್ಲಿಯೋ ನಡುವೆ ಕಳೆದುಹೋಗಿತ್ತು. 2023ರಲ್ಲಿ ಆ ಕಾರ್ಖಾನೆಯನ್ನು ಟಾಟಾ ಸಂಸ್ಥೆಯವರು ಕೊಂಡರು. ಅದೇ ವರ್ಷ ನಮ್ಮ ರಾಜ್ಯವು ಕಾರ್ಖಾನೆಗಳ ಕಾಯಿದೆಗೆ ತಿದ್ದುಪಡಿ ತಂದು ದಿನಕ್ಕೆ ಹನ್ನೆರಡು ಗಂಟೆಗಳವರೆಗಿನ ದುಡಿಮೆಗೆ ಅವಕಾಶ ಕೊಟ್ಟಿತು. ವಾರದ ಮಿತಿ ಹಾಗೆಯೇ ಉಳಿದಿದೆಯೆಂಬ ಸಮಾಧಾನವನ್ನು ಹೇಳಿದರು. ಹನ್ನೆರಡು ಗಂಟೆ ನಿಂತು ಮನೆಗೆ ಬಂದವಳಿಗೆ ಹೊಸ ವಿದ್ಯೆಯನ್ನು ಕಲಿಯಲು ಯಾವ ಗಂಟೆ ಉಳಿಯುತ್ತದೆಂಬುದಕ್ಕೆ ಉತ್ತರ ನನಗೆ ಕಾಣಿಸಿಲ್ಲ.

ನೆಲದ ಪ್ರಶ್ನೆಗೆ ಬರೋಣ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ನೆಲವನ್ನು ವಿಮಾನ ತಯಾರಿಕೆಯ ಉದ್ದಿಮೆಗಳಿಗಾಗಿ ಸ್ವಾಧೀನಪಡಿಸಿಕೊಳ್ಳಲು ಸರ್ಕಾರ ಮುಂದಾಯಿತು. 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ರೈತರು ಧರಣಿ ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನವನ್ನು ಕೈಬಿಟ್ಟುದಾಗಿಯೂ, ತಾವಾಗಿ ಕೊಡಬಯಸುವವರಿಂದ ಮಾತ್ರ ನೆಲ ಕೊಳ್ಳುವುದಾಗಿಯೂ ಪ್ರಕಟಿಸಿದರು. ಕೂಡಲೇ ನೆರೆಯ ಆಂಧ್ರ ಪ್ರದೇಶದ ಮಂತ್ರಿಗಳೊಬ್ಬರು, ತಮ್ಮಲ್ಲಿ ಗಡಿಯ ಬಳಿಯೇ ಎಂಟು ಸಾವಿರ ಎಕರೆ ಸಿದ್ಧವಿದೆ ಬನ್ನಿರೆಂದು ಆ ಉದ್ದಿಮೆಗಳನ್ನು ಕರೆದರು. ರೈತರ ಹಟದಿಂದ ನಾಡಿನ ಏಳಿಗೆಗೆ ಕುಂದಾಯಿತೆಂದು ಹಲವರು ಆಗ ದೂರಿದರು. ನನಗೆ ಹಾಗೆ ತೋರುವುದಿಲ್ಲ. ನೀರಾವರಿ ಮಾಡಿಕೊಂಡು ದ್ರಾಕ್ಷಿ, ತರಕಾರಿ, ರೇಷ್ಮೆ ಬೆಳೆಯುವ ಹೊಲವೂ ಒಂದು ಉದ್ದಿಮೆಯೇ. ಅದನ್ನು ಮುಚ್ಚಿ ಮತ್ತೊಂದನ್ನು ತೆರೆಯುವಾಗ ಮೊದಲನೆಯದರ ಒಡೆಯನನ್ನು ಕೇಳಬೇಕಾದುದು ವ್ಯಾಪಾರದ ಮೊದಲ ಧರ್ಮ. ಉದ್ದಿಮೆಗಾರನೊಡನೆ ತಿಂಗಳುಗಟ್ಟಲೆ ಚೌಕಾಸಿ ಮಾಡುವ ಅಧಿಕಾರಿಗಳು ರೈತನಿಗೆ ಮಾತ್ರ ಒಂದು ನೋಟೀಸನ್ನು ಕಳಿಸಿ ಸುಮ್ಮನಾದರೆ, ಅವನು ಮೂರು ವರ್ಷ ರಸ್ತೆಯಲ್ಲಿ ಕುಳಿತುದರಲ್ಲಿ ಅಚ್ಚರಿಯೇನು? ರಾಜ್ಯಗಳು ತಮ್ಮತಮ್ಮೊಳಗೆ ಪೈಪೋಟಿಯಿಂದ ನೆಲ, ನೀರು, ತೆರಿಗೆಯ ರಿಯಾಯಿತಿಗಳನ್ನು ಸುರಿಯುವುದೂ ನನಗೆ ಒಪ್ಪಿಗೆಯಿಲ್ಲ. ಅದರಿಂದ ಬರುವವನು ಬಂದೇ ಬರುತ್ತಾನೆ. ಶಾಲೆಗೂ ಆಸ್ಪತ್ರೆಗೂ ಸಲ್ಲಬೇಕಾದ ಹಣ ಮಾತ್ರ ಬರಿದೆ ಹೋಗುತ್ತದೆ.

ನೀರಿನ ವಿಷಯವನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಅದು ನಿಮಗೆ ಕಣ್ಣಿಗೆ ಕಾಣುವಂಥದು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯ ಬಯಲಿನಲ್ಲಿರುವ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ದೊಡ್ಡಬಳ್ಳಾಪುರದ ಕಾರ್ಖಾನೆಗಳ ಹೊಲಸೂ ಊರಿನ ಕೊಳಚೆಯೂ ಸೇರಿ ಅಲ್ಲಿಯ ಜನ ವರ್ಷಗಟ್ಟಲೆ ಹೋರಾಡುತ್ತ ಬಂದಿದ್ದಾರೆ. ಈ ಹೊಲಸಿನಲ್ಲಿ ದೇಶೀಯವೆಷ್ಟು, ಪರದೇಶಿಯವೆಷ್ಟು ಎಂದು ಕೆರೆಯ ಮೀನು ಕೇಳುವುದಿಲ್ಲ. ನಿಯಮ ಎಲ್ಲರಿಗೂ ಒಂದೇ ಇರಬೇಕು, ಅದನ್ನು ನಡೆಸುವವರು ನಿದ್ರಿಸಬಾರದು.

ಇಷ್ಟೆಲ್ಲ ಹೇಳಿದ ಮೇಲೆ, ಕಲಿಕೆ ಎಲ್ಲಿ ನಡೆಯಬೇಕು ಎಂಬ ಮಾತು ಉಳಿಯುತ್ತದೆ. ಅದಕ್ಕೂ ನಮ್ಮಲ್ಲಿಯೇ ಒಂದು ಮಾದರಿಯಿದೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವೊಂದು ಆರಂಭವಾಯಿತು. ಜನ ಅದನ್ನು ಜಿ.ಟಿ.ಟಿ.ಸಿ. ಎನ್ನುತ್ತಾರೆ. ಪ್ಲಾಸ್ಟಿಕ್ಕಿನ ಬಕೆಟ್ಟಿನಿಂದ ಹಿಡಿದು ಫೋನಿನ ಹೊರಕವಚದವರೆಗೆ ಯಾವ ವಸ್ತುವನ್ನು ಲಕ್ಷಗಟ್ಟಲೆ ಮಾಡಬೇಕಾದರೂ ಮೊದಲು ಉಕ್ಕಿನಲ್ಲಿ ಅದರ ಅಚ್ಚು ಸಿದ್ಧವಾಗಬೇಕು. ಆ ಅಚ್ಚನ್ನು ಕೂದಲೆಳೆಗಿಂತ ಸೂಕ್ಷ್ಮವಾದ ಅಳತೆಯಲ್ಲಿ ಕಡೆಯುವ ವಿದ್ಯೆಯನ್ನು ಅಲ್ಲಿ ಕಲಿಸುತ್ತಾರೆ. ಡೆನ್ಮಾರ್ಕಿನವರು ಎಂದೋ ಹಿಂದಿರುಗಿದರು. ಸಂಸ್ಥೆ ನಾಡಿನ ಹಲವು ಊರುಗಳಿಗೆ ಹರಡಿ ಬೆಳೆದಿದೆ. ಅಲ್ಲಿ ಉಪಕರಣ ಮತ್ತು ಅಚ್ಚು ತಯಾರಿಕೆಯ ಡಿಪ್ಲೊಮಾಗೆ ಎಸ್.ಎಸ್.ಎಲ್.ಸಿ. ತೇರ್ಗಡೆಯಾದವರನ್ನು ಸೇರಿಸಿಕೊಳ್ಳುತ್ತಾರೆ; ಹುಡುಗಿಯರೂ ಸೇರಬಹುದು. ದೇವನಹಳ್ಳಿಯ ಹೊಸ ಕಾರ್ಖಾನೆಗೆ ಬೇಕಾಗುವ ಅಚ್ಚುಗಳು ಹಡಗಿನಲ್ಲಿ ಬರುತ್ತವೆಯೋ, ಪೀಣ್ಯದಲ್ಲಿಯೋ ದಾಬಸ್‌ಪೇಟೆಯಲ್ಲಿಯೋ ತಯಾರಾಗುತ್ತವೆಯೋ ಎಂಬುದು ಈಗ ಒಂಬತ್ತನೆಯ ತರಗತಿಯಲ್ಲಿ ಕುಳಿತಿರುವವರು ಇನ್ನು ಐದಾರು ವರ್ಷಗಳಲ್ಲಿ ಎಲ್ಲಿರುತ್ತಾರೆಂಬುದನ್ನು ಬಹಳಮಟ್ಟಿಗೆ ಅವಲಂಬಿಸಿದೆ.